ಊರುಗೋಲು ಯಾವ ಕೈಯಲ್ಲಿ?

ಗಣಪತಿ ಹಬ್ಬ ಮುಗಿದ ಮೊದಲ ಭಾನುವಾರ ಅಕ್ಕನ ಮಗಳು ಹಾಸ್ಟೆಲಿನಿಂದ ನಮ್ಮ ಮನೆಗೆ ಬಂದಳು. ಬಂದವಳೇ ಊಟದ ಟೇಬಲ್ ಮೇಲೆ ಒಂದು ದೊಡ್ಡ ಹಾಳೆ ಹರಡಿದಳು. ಮೊದಲ ವರ್ಷದ ಎಂಜಿನಿಯರಿಂಗ್ ಡ್ರಾಯಿಂಗ್ ಶೀಟು. ಅದರ ಹಿಂಬದಿಯಲ್ಲಿ ಎಂಟು ಚೌಕ ಹಾಕಿ, ಎಂಟು ಸೆಮಿಸ್ಟರುಗಳ ವಿಷಯಗಳನ್ನು ಪೆನ್ಸಿಲಿನಲ್ಲಿ ಬರೆದಿದ್ದಳು. ಎರಡು ಚೌಕ ತುಂಬಿದ್ದವು, ಮೂರನೆಯದು ನಡೆಯುತ್ತಿತ್ತು. ಉಳಿದ ಐದರಲ್ಲಿ ಅಲ್ಲಲ್ಲಿ ಪ್ರಶ್ನಾರ್ಥಕ ಚಿಹ್ನೆ.

"ಮಾಮಾ, ಬುಧವಾರ ಸಂಜೀ ಒಳಗ ಮೈನರ್ ಫಾರ್ಮ್ ತುಂಬಬೇಕು. ನನಗ ಬಯೋಮೆಕ್ಯಾನಿಕ್ಸ್ ಬೇಕು. ಇದರಾಗ ಯಾವ್ದು ತಗೋಳಿ, ಯಾವ್ದು ಬಿಡ್ಲಿ?"

ಅವಳು ಪುಣೆಯಲ್ಲಿ ಮೆಕ್ಯಾನಿಕಲ್ ಓದುತ್ತಿದ್ದಾಳೆ. ನಾನೂ ಮೆಕ್ಯಾನಿಕಲ್ಲೇ. ಮೂವತ್ತು ವರ್ಷ ಇಲ್ಲಿನ ವಾಹನ ಕಾರ್ಖಾನೆಗಳಲ್ಲಿ ಶಾಫ್ಟು, ಬೇರಿಂಗು, ಗೇರುಗಳ ಜೊತೆ ಬಾಳಿದವನು. ಹಾಗಾಗಿ ಮಾಮನನ್ನು ಕೇಳಿದರೆ ಗೊತ್ತಾಗುತ್ತದೆ ಎಂಬ ನಂಬಿಕೆ ಅವಳದು. ಒಳಗಿನ ಕೋಣೆಯಲ್ಲಿ ನನ್ನ ಅವ್ವ ಮಂಚದ ಮೇಲೆ ಕುಳಿತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಅವಳ ಊರುಗೋಲು ಗೋಡೆಗೆ ಒರಗಿತ್ತು. ಆ ಕೋಲು ಕಣ್ಣಿಗೆ ಬಿದ್ದಾಗೆಲ್ಲ ಈ ವಿಷಯದಲ್ಲಿ ನನ್ನ ಯೋಗ್ಯತೆ ಎಷ್ಟೆಂಬುದು ನನಗೆ ನೆನಪಾಗುತ್ತದೆ.

ಅವ್ವನಿಗೆ ಬಲಗಡೆಯ ಸೊಂಟದ ಕೀಲು ಸವೆದಿದೆ. ನೋವು ಶುರುವಾದಾಗ ಲಕ್ಷ್ಮೀ ರೋಡಿನಿಂದ ಒಂದು ಒಳ್ಳೆಯ ಕೋಲು ತಂದುಕೊಟ್ಟವನು ನಾನೇ. "ನೋವಿದ್ದ ಕಡೆಗೇ ಆಸರೆ ಇರಬೇಕು" ಅಂತ ಬಲಗೈಗೆ ಕೊಟ್ಟವನೂ ನಾನೇ. ಎರಡು ವರ್ಷ ಅವಳು ಹಾಗೇ ನಡೆದಳು. ಕೊನೆಗೊಮ್ಮೆ ಒಬ್ಬ ಫಿಸಿಯೋಥೆರಪಿಸ್ಟ್ ಹುಡುಗಿಯ ಹತ್ತಿರ ಕರೆದುಕೊಂಡು ಹೋದೆ. ಆಕೆ ಅವ್ವ ನಾಲ್ಕು ಹೆಜ್ಜೆ ನಡೆಯುವುದನ್ನು ನೋಡಿದಳು. ಒಂದು ಮಾತೂ ಆಡದೆ ಕೋಲನ್ನು ಬಲಗೈಯಿಂದ ತೆಗೆದು ಎಡಗೈಗೆ ಕೊಟ್ಟಳು. ಅವ್ವ ಮತ್ತೆ ನಾಲ್ಕು ಹೆಜ್ಜೆ ನಡೆದು, ತಿರುಗಿ ನನ್ನ ಮುಖ ನೋಡಿದಳು. ಆ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ.

ರಾತ್ರಿ ಕುಳಿತು ಲೆಕ್ಕ ಹಾಕಿದೆ. ಹತ್ತನೇ ತರಗತಿಯ ಸನ್ನೆಕೋಲಿನ ಲೆಕ್ಕ, ಅಷ್ಟೇ. ಅವ್ವನ ತೂಕ 60 ಕಿಲೋ ಎನ್ನಿ. ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ಒಂದು ಗಳಿಗೆ ನಾವು ಒಂಟಿಕಾಲಿನ ಮೇಲಿರುತ್ತೇವೆ. ಒಂದು ಕಾಲಿನ ತೂಕ ದೇಹದ ತೂಕದ ಸುಮಾರು ಆರನೇ ಒಂದು ಭಾಗ. ಹಾಗಾದರೆ ಬಲಗಾಲಿನ ಮೇಲೆ ನಿಂತಾಗ ಬಲಗಡೆಯ ಸೊಂಟದ ಕೀಲು ಹೊರಬೇಕಾದದ್ದು ಉಳಿದ 50 ಕಿಲೋ. ಈ 50 ಕಿಲೋ ಕೀಲಿನ ನೇರ ಮೇಲೆ ಕೂರುವುದಿಲ್ಲ, ದೇಹದ ನಡುವಿನ ಕಡೆಗೆ ಸುಮಾರು 10 ಸೆಂಟಿಮೀಟರ್ ದೂರದಲ್ಲಿ ತೂಗುತ್ತದೆ. ಅದು ಆ ಕಡೆ ಜೋತುಬೀಳದಂತೆ ಹಿಡಿಯುವುದು ಸೊಂಟದ ಹೊರಬದಿಯ ಸ್ನಾಯು. ಅದಕ್ಕೆ ಸಿಕ್ಕಿರುವ ಸನ್ನೆಯ ಉದ್ದ ಕೇವಲ 5 ಸೆಂಟಿಮೀಟರಿನಷ್ಟು. ಅರ್ಧ ಉದ್ದ ಎಂದರೆ ದುಪ್ಪಟ್ಟು ಎಳೆತ: 100 ಕಿಲೋ. ಕೀಲಿನ ಮೇಲೆ ಬೀಳುವುದು ಎರಡೂ ಕೂಡಿ, 150 ಕಿಲೋ. ಅರವತ್ತು ಕಿಲೋದ ಹೆಂಗಸಿನ ಸವೆದ ಕೀಲಿನ ಮೇಲೆ ಪ್ರತಿ ಹೆಜ್ಜೆಗೂ ಒಂದೂವರೆ ಕ್ವಿಂಟಲ್!

ಈಗ ಎಡಗೈಗೆ ಕೋಲು ಕೊಡಿ. ಕೀಲಿನಿಂದ ಅದು 40 ಸೆಂಟಿಮೀಟರ್ ದೂರ. ಅದರ ಮೇಲೆ ಬರೀ 5 ಕಿಲೋ ಒತ್ತಿದರೂ ಸ್ನಾಯುವಿನ ಎಳೆತ 100ರಿಂದ 60ಕ್ಕೆ ಇಳಿಯುತ್ತದೆ. ಕೀಲಿನ ಮೇಲಿನ ಭಾರ 150 ಇದ್ದದ್ದು 105. ಐದು ಕಿಲೋ ಒತ್ತಿ ನಲವತ್ತೈದು ಕಿಲೋ ಇಳಿಸಿದಂತಾಯಿತು. ಅದೇ ಕೋಲು ಬಲಗೈಯಲ್ಲಿದ್ದರೆ? ಲೆಕ್ಕದಲ್ಲಿ ಸ್ನಾಯು ಮೊದಲಿಗಿಂತಲೂ ಹೆಚ್ಚು ಎಳೆಯಬೇಕಾಗುತ್ತದೆ, ಏಕೆಂದರೆ ಕೋಲು ಹೊರಗಡೆಯಿಂದ ಮೇಲಕ್ಕೆ ನೂಕುತ್ತದೆ, ಭಾರ ಒಳಗಡೆ ಕೆಳಕ್ಕೆ ಜಗ್ಗುತ್ತದೆ, ಎರಡೂ ಸೇರಿ ಒಂದೇ ದಿಕ್ಕಿಗೆ ತಿರುಗಿಸುತ್ತವೆ. ಮನುಷ್ಯರು ಲೆಕ್ಕದಂತೆ ನೆಟ್ಟಗೆ ನಿಲ್ಲುವುದಿಲ್ಲ, ಕೋಲಿನ ಮೇಲೆ ವಾಲಿ ಹೇಗೋ ತಪ್ಪಿಸಿಕೊಳ್ಳುತ್ತಾರೆ. ಅವ್ವನೂ ಎರಡು ವರ್ಷ ವಾಲಿಕೊಂಡೇ ನಡೆದಿದ್ದಳು. ಅದು ವಯಸ್ಸಿನ ವಾಲು ಅಂದುಕೊಂಡಿದ್ದೆ.

ಇದೇನು ಹೊಸ ಸಂಗತಿಯಲ್ಲ. ಜರ್ಮನಿಯ ಮೂಳೆ ವೈದ್ಯ ಫ್ರೀಡ್ರಿಖ್ ಪಾವೆಲ್ಸ್ ಸೊಂಟದ ಕೀಲಿನ ಈ ತಕ್ಕಡಿ ಲೆಕ್ಕವನ್ನು ಹಾಕಿದ್ದು 1930ರ ದಶಕದಲ್ಲೇ. ತೊಡೆಮೂಳೆಯ ಕತ್ತಿನ ಮುರಿತದ ಬಗ್ಗೆ 1935ರಲ್ಲಿ ಬರೆದ ಪುಸ್ತಕಕ್ಕೆ ಆತ ಕೊಟ್ಟ ಹೆಸರಿನಲ್ಲೇ 'ಒಂದು ಮೆಕ್ಯಾನಿಕಲ್ ಸಮಸ್ಯೆ' ಎಂಬ ಮಾತಿದೆ. ವೈದ್ಯನೊಬ್ಬ ನಮ್ಮ ಭಾಷೆ ಆಡಿದ್ದ. ನಾನು ಮಾತ್ರ ನಾಲ್ಕು ವರ್ಷ ಬಲಗಳ ಚಿತ್ರ ಬಿಡಿಸಿದ್ದರೂ ಮನುಷ್ಯನ ಮೈಮೇಲೆ ಒಂದು ಬಾಣವನ್ನೂ ಬರೆದಿರಲಿಲ್ಲ. ಫಿಸಿಯೋಥೆರಪಿಸ್ಟ್ ಹುಡುಗಿಗೆ ಯಾವ ಕೈ ಎಂದು ಗೊತ್ತಿತ್ತು. 40 ಸೆಂಟಿಮೀಟರಿನ ಲೆಕ್ಕ ಕೇಳಿದಾಗ ನಕ್ಕು, "ಅದು ನಿಮ್ಮ ಡಿಪಾರ್ಟ್‌ಮೆಂಟು ಸರ್" ಅಂದಳು. ಬಯೋಮೆಕ್ಯಾನಿಕ್ಸ್ ಎಂದರೆ ಈ ಎರಡೂ ಒಂದೇ ತಲೆಯಲ್ಲಿ ಇರುವುದು. ಅಕ್ಕನ ಮಗಳ ಹಾಳೆ ನೋಡುವಾಗ ನನಗಿದ್ದ ಅಳತೆಗೋಲು ಇದೊಂದೇ.

ಹಾಳೆಯ ಕಥೆಗೆ ಬರುತ್ತೇನೆ. ಈ ಹೆಸರಿನ ಬಿ.ಟೆಕ್ ಪದವಿ ನಮ್ಮಲ್ಲಿ ಹುಡುಕಿದರೆ ಸುಲಭಕ್ಕೆ ಸಿಗುವುದಿಲ್ಲ. ಬೇರೆ ಬಾಗಿಲುಗಳಿಂದ ಒಳಗೆ ಹೋಗಬೇಕು. ಒಂದು, ಅವಳಂತೆ ಮೆಕ್ಯಾನಿಕಲ್ ಓದುತ್ತ ಪಕ್ಕದಲ್ಲಿ ಮೈನರ್ ಮತ್ತು ಇಲೆಕ್ಟಿವ್‌ಗಳಿಂದ ಕಟ್ಟಿಕೊಳ್ಳುವುದು. ಇನ್ನೊಂದು, ಬಯೋಮೆಡಿಕಲ್ ಎಂಜಿನಿಯರಿಂಗ್. ಐಐಟಿ ಹೈದರಾಬಾದಿನಲ್ಲಿ ಅದರ ಬಿ.ಟೆಕ್ ಇದೆ, ಐಐಟಿ ಮದ್ರಾಸಿನಲ್ಲಂತೂ ಅಪ್ಲೈಡ್ ಮೆಕ್ಯಾನಿಕ್ಸ್ ಮತ್ತು ಬಯೋಮೆಡಿಕಲ್ ಒಂದೇ ವಿಭಾಗ. ಮತ್ತೊಂದು, ವೈದ್ಯಕೀಯದ ಪಕ್ಕದ ಬಾಗಿಲು: ಫಿಸಿಯೋಥೆರಪಿ, ಅಥವಾ ಕೃತಕ ಕೈಕಾಲು ಮಾಡುವ ಪ್ರೊಸ್ಥೆಟಿಕ್ಸ್-ಆರ್ಥೋಟಿಕ್ಸ್ ಪದವಿ. ಮುಂಬಯಿಯವರಿಗೆ ಹಾಜಿ ಅಲಿಯ ಅಖಿಲ ಭಾರತ ಭೌತಿಕ ಚಿಕಿತ್ಸೆ ಮತ್ತು ಪುನರ್ವಸತಿ ಸಂಸ್ಥೆಯಲ್ಲಿ ಇದು ಇದೆ.

ಹೆಸರು ನೋಡಿ ಮೋಸಹೋಗಬಾರದು. ಬಯೋಮೆಡಿಕಲ್ ಎಂದ ಕೂಡಲೇ ಮೂಳೆ-ಸ್ನಾಯು ಎಂದುಕೊಳ್ಳುವವರು ಗೇಟ್ ಪರೀಕ್ಷೆಯ ಬಯೋಮೆಡಿಕಲ್ ಪತ್ರಿಕೆಯ ಪಠ್ಯಕ್ರಮವನ್ನೊಮ್ಮೆ ತೆರೆದು ನೋಡಲಿ. ಸರ್ಕಿಟ್ಟು, ಸಿಗ್ನಲ್ಲು, ಅನಲಾಗ್-ಡಿಜಿಟಲ್ ಎಲೆಕ್ಟ್ರಾನಿಕ್ಸು, ಸೆನ್ಸರು, ಇಮೇಜಿಂಗು ಎಲ್ಲ ಸಾಲಾಗಿ ಬಂದು, ಅವುಗಳ ನಡುವೆ ಒಂದು ಮೂಲೆಯಲ್ಲಿ ಬಯೋಮೆಕ್ಯಾನಿಕ್ಸ್. ಇಸಿಜಿ ಯಂತ್ರ ಕಟ್ಟುವ ಆಸೆ ಇದ್ದವರಿಗೆ ಅದು ಒಳ್ಳೆಯ ದಾರಿ. ಮಂಡಿ ಹೇಗೆ ಮಡಚುತ್ತದೆ ಎಂದು ಕೇಳುವವರು ಸೇರುವ ಮೊದಲು ಆ ಕಾಲೇಜಿನ ಎಂಟೂ ಸೆಮಿಸ್ಟರಿನ ಪಟ್ಟಿ ಓದಬೇಕು. ಫಿಸಿಯೋಥೆರಪಿಯಲ್ಲಿ ಅಂಗರಚನೆ ಗಟ್ಟಿಯಾಗಿ ಸಿಗುತ್ತದೆ, ಬಯೋಮೆಕ್ಯಾನಿಕ್ಸ್ ಕೂಡ ಪಾಠದಲ್ಲೇ ಇರುತ್ತದೆ, ಆದರೆ ಗಣಿತ ಹನ್ನೆರಡನೇ ತರಗತಿಯಲ್ಲೇ ಉಳಿದುಬಿಡುತ್ತದೆ. (ಮನೆಯಲ್ಲಿ ಹತ್ತನೇ ತರಗತಿಯ ಮಕ್ಕಳಿದ್ದರೆ ಒಂದು ಮಾತು: ಈ ಕಡೆ ಸ್ವಲ್ಪ ಒಲವಿದ್ದರೂ ಗಣಿತ, ಜೀವಶಾಸ್ತ್ರ ಎರಡನ್ನೂ ಹನ್ನೆರಡರವರೆಗೆ ಬಿಡಿಸಬೇಡಿ. ಒಂದನ್ನು ಬಿಟ್ಟರೆ ಒಂದು ಬಾಗಿಲು ಅಲ್ಲೇ ಮುಚ್ಚುತ್ತದೆ.)

ನಮ್ಮ ಹುಡುಗಿ ಹೆಸರು ನೋಡಿಯೇ ಬುಟ್ಟಿ ತುಂಬಿದ್ದಳು. ಬಯೋ ಎಂದು ಶುರುವಾಗುವುದೆಲ್ಲ ಹಾಳೆಯ ಮೇಲೆ ಇತ್ತು: ಬಯೋಮೆಟೀರಿಯಲ್ಸ್, ಬಯೋಇನ್ಫರ್ಮ್ಯಾಟಿಕ್ಸ್, ಬಯೋಸೆನ್ಸರ್ಸ್, ಬಯೋಸ್ಟ್ಯಾಟಿಸ್ಟಿಕ್ಸ್. ಅವುಗಳಿಗೆ ಜಾಗ ಮಾಡಲು ಕಂಪನಶಾಸ್ತ್ರ, ನ್ಯೂಮರಿಕಲ್ ಮೆಥಡ್ಸ್, ಫೈನೈಟ್ ಎಲಿಮೆಂಟ್ ಮೂರನ್ನೂ ಬದಿಗೆ ತಳ್ಳಿದ್ದಳು. "ಅವು ಮಷಿನ್ನಿಂದು ಮಾಮಾ" ಅಂದಳು.

ನಾನು ಅವಳ ಥಿಯರಿ ಆಫ್ ಮಷಿನ್ಸ್ ಪುಸ್ತಕ ತೆಗೆದು ಫೋರ್-ಬಾರ್ ಲಿಂಕೇಜ್ ಪುಟ ತೋರಿಸಿದೆ. ನಾಲ್ಕು ಕಡ್ಡಿ, ನಾಲ್ಕು ಕೀಲು. ಮಂಡಿಯೊಳಗೆ ಒಂದಕ್ಕೊಂದು ಅಡ್ಡಡ್ಡ ಹಾಯ್ದಿರುವ ಎರಡು ಕಟ್ಟುಗಳನ್ನು ಎರಡು ಕಡ್ಡಿ ಎಂದು ಭಾವಿಸಿ, ಮೇಲಿನ ಮೂಳೆ ಕೆಳಗಿನ ಮೂಳೆಗಳನ್ನು ಉಳಿದೆರಡು ಎಂದುಕೊಂಡರೆ ಅದೇ ಫೋರ್-ಬಾರ್. ಮಂಡಿ ಬಾಗಿಲಿನ ತಿರುಗಣಿಯಂತೆ ಒಂದೇ ಬಿಂದುವಿನ ಸುತ್ತ ತಿರುಗುವುದಿಲ್ಲ. ಮಡಚಿದಂತೆಲ್ಲ ತಿರುಗುವ ಕೇಂದ್ರವೇ ಸರಿಯುತ್ತ ಹೋಗುತ್ತದೆ. ಐಐಟಿ ಮದ್ರಾಸಿನ ಆರ್2ಡಿ2 ಕೇಂದ್ರದವರು 2022ರಲ್ಲಿ ಹೊರತಂದ 'ಕದಮ್' ಎಂಬ ಕೃತಕ ಮಂಡಿಯೂ ಇಂಥ ಸರಿಯುವ ಕೇಂದ್ರದ್ದೇ. ನಮ್ಮ ಬೆಂಗಳೂರಿನ ಮೊಬಿಲಿಟಿ ಇಂಡಿಯಾ ಸಂಸ್ಥೆ ಅದರಲ್ಲಿ ಜೊತೆಗಾರ. ಆ ಪುಟವನ್ನು ಅವಳು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದಳು. ಈಗ ಎದ್ದು ನಿಂತು, ತನ್ನ ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮಡಚಿ ಬಿಡಿಸಿ ನೋಡಿದಳು.

ಮೂಳೆಯದೂ ಹೀಗೆಯೇ. ಉಕ್ಕನ್ನು ಯಾವ ದಿಕ್ಕಿಗೆ ಎಳೆದರೂ ಹೆಚ್ಚುಕಡಿಮೆ ಒಂದೇ. ತೊಡೆಮೂಳೆಯ ಗಟ್ಟಿ ಭಾಗ ಹಾಗಲ್ಲ. ಉದ್ದಕ್ಕೆ ಎಳೆದರೆ ಅದರ ಬಿಗಿತ 17ರಿಂದ 20 ಗಿಗಾಪಾಸ್ಕಲ್, ಅಡ್ಡಕ್ಕೆ ಅದಕ್ಕಿಂತ ಸಾಕಷ್ಟು ಕಡಿಮೆ. ಒತ್ತಡವನ್ನು ತಾಳುವಷ್ಟು ಎಳೆತವನ್ನು ತಾಳದು. ಅದರ ಮೇಲೆ, ಬಳಸಿದಂತೆ ತನ್ನನ್ನು ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ, ಬಳಸದಿದ್ದರೆ ಕರಗುತ್ತದೆ. ಯೂಲಿಯುಸ್ ವೋಲ್ಫ್ 1892ರಲ್ಲಿ ಹೇಳಿದ ಈ ಮಾತಿಗೆ ಸಾಕ್ಷಿ ಬೇಕಾದರೆ ಅಂತರಿಕ್ಷಯಾನಿಗಳನ್ನು ನೋಡಿ. ಭಾರವಿಲ್ಲದ ಕಡೆ ಸೊಂಟದ ಮೂಳೆಯನ್ನು ತಿಂಗಳಿಗೆ ನೂರಕ್ಕೆ ಒಂದು, ಒಂದೂವರೆ ಪಾಲು ಕಳೆದುಕೊಳ್ಳುತ್ತಾರೆ. ಇಂಥ ವಸ್ತುವಿನ ಲೆಕ್ಕ ಹಾಕಲು ಹೊರಟವಳು ಉಕ್ಕಿನ ಲೆಕ್ಕವನ್ನೇ ಅರ್ಧಕ್ಕೆ ಬಿಟ್ಟರೆ ಹೇಗೆ? ಸ್ಟ್ರೆಂತ್ ಆಫ್ ಮೆಟೀರಿಯಲ್ಸ್, ಡೈನಮಿಕ್ಸ್, ಫ್ಲೂಯಿಡ್ ಮೆಕ್ಯಾನಿಕ್ಸ್, ನ್ಯೂಮರಿಕಲ್ ಮೆಥಡ್ಸ್, ಫೈನೈಟ್ ಎಲಿಮೆಂಟ್ ಎಲ್ಲವನ್ನೂ ನಾನು ವಾಪಸು ಚೌಕದೊಳಗೆ ಬರೆದೆ, ಪೆನ್ನಿನಲ್ಲಿ. ಬಯೋಮೆಕ್ಯಾನಿಕ್ಸ್‌ನ ಹಿರಿಯಜ್ಜ ಎನಿಸಿಕೊಂಡ ವೈ. ಸಿ. ಫಂಗ್ ಮೊದಲು ವಿಮಾನದ ರೆಕ್ಕೆಗಳ ಲೆಕ್ಕ ಹಾಕುತ್ತಿದ್ದವರು. ಚೀನಾದಲ್ಲಿದ್ದ ತಾಯಿಗೆ ಗ್ಲಾಕೋಮಾ ಆದಾಗ ಕಣ್ಣಿನ ಬಗ್ಗೆ ಓದತೊಡಗಿ, ಓದಿದ್ದನ್ನು ಅಲ್ಲಿನ ವೈದ್ಯರಿಗೆ ಕಳಿಸುತ್ತಿದ್ದರಂತೆ. ರೆಕ್ಕೆಯ ಗಣಿತ ಅವರ ಕೈಯಲ್ಲಿತ್ತು, ಹಾಗಾಗಿ ಜೀವಕೋಶ ಅಂಗಾಂಶಗಳ ಕಡೆ ತಿರುಗಲು ಆಯಿತು. ಅವರೂ ತಾಯಿಗಾಗಿ ಶುರುಮಾಡಿದವರು ಎಂಬುದು ಮಾತ್ರ ನನಗೆ ಸ್ವಲ್ಪ ಚುಚ್ಚಿತು.

ಇಷ್ಟು ಹೊತ್ತು ಮಾಮನದೇ ಮೇಲುಗೈ. ಮುಂದೆ ಹಾಗಾಗಲಿಲ್ಲ. ಬಯೋಇನ್ಫರ್ಮ್ಯಾಟಿಕ್ಸ್ ಹೊಡೆದುಹಾಕಿದೆ, ಅವಳು ಸುಮ್ಮನಿದ್ದಳು. ಬಯೋಸ್ಟ್ಯಾಟಿಸ್ಟಿಕ್ಸ್ ಮೇಲೂ ಗೆರೆ ಎಳೆಯಲು ಹೋದಾಗ ನನ್ನ ಕೈ ಹಿಡಿದಳು. "ಇದ್ಯಾಕ?" ಅಂದಳು. ಲೆಕ್ಕ ಸರಿಯಿದ್ದರೆ ಅಂಕಿಅಂಶ ಯಾತಕ್ಕೆ, ನಮ್ಮ ಕಾರ್ಖಾನೆಯಲ್ಲಿ ಡ್ರಾಯಿಂಗಿನಲ್ಲಿ ಅಳತೆ ಇರುತ್ತದೆ, ಅಳತೆಗೆ ಇಂತಿಷ್ಟು ಮೈಕ್ರಾನ್ ರಿಯಾಯಿತಿ ಇರುತ್ತದೆ, ಅಷ್ಟರೊಳಗಿದ್ದರೆ ಪಾಸು, ಇಲ್ಲದಿದ್ದರೆ ಗುಜರಿ ಎಂದೆ.

"ಆಯಿ ಸೊಂಟದ ಡ್ರಾಯಿಂಗ್ ಎಲ್ಲೈತಿ ಮಾಮಾ?"

(ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತಾರೆ.) ನನ್ನ ಹತ್ತಿರ ಉತ್ತರವಿರಲಿಲ್ಲ. ನಾನು ಹಾಕಿದ ಲೆಕ್ಕದಲ್ಲಿ 10 ಸೆಂಟಿಮೀಟರ್, 5 ಸೆಂಟಿಮೀಟರ್ ಎಂದೆನಲ್ಲ, ಅವು ಅವ್ವನ ಅಳತೆಗಳಲ್ಲ. ಅವ್ವನ ಸನ್ನೆ 4 ಇರಬಹುದು, 6 ಇರಬಹುದು. ನಾಲ್ಕಾದರೆ ಸ್ನಾಯುವಿನ ಎಳೆತ 100 ಅಲ್ಲ, 125. ಇಬ್ಬರ ಮೈ ಒಂದೇ ಅಚ್ಚಿನದಲ್ಲ, ಒಬ್ಬರದೇ ಎರಡು ಹೆಜ್ಜೆಗಳೂ ಒಂದೇ ಅಲ್ಲ. ಬಯೋಸ್ಟ್ಯಾಟಿಸ್ಟಿಕ್ಸ್ ಐದನೇ ಚೌಕದಲ್ಲಿ ಉಳಿಯಿತು.

ಸಂಜೆ ಗದಗದಿಂದ ಭಾವನ ಫೋನು. ಅವರ ಪ್ರಶ್ನೆ ನೇರ: "ಇದನ್ನ ಕಲತ ಮ್ಯಾಲ ಕೆಲಸ ಏನ ಸಿಗತೈತಿ?" ಶಿಕ್ಷಣ ಸಾಲ ಅವರ ಹೆಸರಿನಲ್ಲಿದೆ, ಕೇಳುವ ಹಕ್ಕು ಅವರಿಗೆ ಇದ್ದೇ ಇದೆ. ನನಗೆ ತಿಳಿದಂತೆ ಹೇಳಿದೆ. ಬಿ.ಟೆಕ್ ಮುಗಿದ ಕೂಡಲೇ ಬಯೋಮೆಕ್ಯಾನಿಕ್ಸ್ ಹೆಸರಿನ ಕೆಲಸ ಸಿಗುವುದು ಕಷ್ಟ. ಕೃತಕ ಕೀಲು, ಪಾದರಕ್ಷೆ, ಕ್ರೀಡೆ, ವಾಹನ ಅಪಘಾತದ ಸುರಕ್ಷತೆ ಎಲ್ಲ ಕಡೆ ಇದರ ಕೆಲಸವಿದೆ, ಆದರೆ ಬಹುಪಾಲು ಎಂ.ಟೆಕ್ ಅಥವಾ ಪಿಎಚ್.ಡಿ ಕೇಳುತ್ತವೆ. ಅದಕ್ಕೇ ಮೆಕ್ಯಾನಿಕಲ್‌ನ ಬೆನ್ನೆಲುಬು ಮುರಿಯದ ಹಾಗೆ ಯೋಜನೆ ಮಾಡುತ್ತಿದ್ದೇವೆ, ಬೇಡವೆನಿಸಿದರೆ ನಾಲ್ಕನೇ ವರ್ಷ ಕಾರ್ಖಾನೆಗೂ ಹೋಗಬಹುದು ಎಂದೆ. ಭಾವ ಒಂದು ನಿಮಿಷ ಸುಮ್ಮನಿದ್ದು, "ಮತ್ತ ಎರಡು ವರ್ಷ ಅಂದಂಗಾತು" ಅಂದರು. ಹೌದು, ಹಾಗೇ ಆಯಿತು. ಆ ಮಾತನ್ನು ಸಿಹಿ ಮಾಡಿ ಹೇಳಲು ನನಗೆ ಬರಲಿಲ್ಲ.

ಬೆಲೆ ಅಷ್ಟೇ ಅಲ್ಲ. ಬಿ.ಟೆಕ್‌ಗೆ ಸುಮಾರು 160 ಕ್ರೆಡಿಟ್. ಮೈನರ್ ಎಂದರೆ ಅದರ ಮೇಲೆ ಇನ್ನೂ 18-20. ಸೆಮಿಸ್ಟರಿಗೆ ಒಂದು, ಕೆಲವೊಮ್ಮೆ ಎರಡು ಹೆಚ್ಚಿನ ವಿಷಯ. ಹಾಳೆಯ ಮೇಲೆ ಅದು ಒಂದು ಸಾಲು, ಹಾಸ್ಟೆಲಿನಲ್ಲಿ ಅದು ಶನಿವಾರಗಳು. ನಡುವೆ ಊರಿಗೆ ನಾಲ್ಕು ದಿನವಾದರೂ ಹೋಗುವಂತಿರಲಿ ಎಂದು ಆರನೇ ಚೌಕದಿಂದ ಬಯೋಮೆಟೀರಿಯಲ್ಸ್ ತೆಗೆದು ಏಳಕ್ಕೆ ಹಾಕಿದೆವು. ಅದು ಸರಿಯೋ ತಪ್ಪೋ, ಆಗ ಗೊತ್ತಾಗುತ್ತದೆ.

ಎಲ್ಲಕ್ಕಿಂತ ಕಷ್ಟವಾದದ್ದು ಅಂಗರಚನೆ. ಎಂಜಿನಿಯರಿಂಗ್ ಕಾಲೇಜಿನ ಪಟ್ಟಿಯಲ್ಲಿ 'ಎಂಜಿನಿಯರುಗಳಿಗೆ ಜೀವಶಾಸ್ತ್ರ' ಎಂಬುದೊಂದಿತ್ತು. ತೆರೆದು ನೋಡಿದರೆ ಕೋಶ, ಡಿಎನ್‌ಎ, ಕಿಣ್ವ. ಒಂದು ಸ್ನಾಯು ಎಲ್ಲಿ ಹುಟ್ಟಿ ಎಲ್ಲಿ ಅಂಟುತ್ತದೆ ಎಂಬುದು ಅದರಲ್ಲಿಲ್ಲ. ಸನ್ನೆಯ ಉದ್ದ ಗೊತ್ತಾಗಬೇಕಾದರೆ ಅದೇ ತಾನೇ ಬೇಕಾದ್ದು? ಎನ್‌ಪಿಟಿಇಎಲ್‌ನಲ್ಲಿ ಉಚಿತ ಪಾಠಗಳಿವೆ, ಸ್ಟ್ಯಾನ್‌ಫರ್ಡ್‌ನವರ ಓಪನ್‌ಸಿಮ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಮೂಳೆ-ಸ್ನಾಯುಗಳ ಮಾದರಿಯನ್ನೇ ನಡೆಸಿ ನೋಡಬಹುದು. ಇವೆರಡನ್ನೂ ರಜೆಗೆ ಬರೆದುಕೊಂಡೆವು. ಆದರೆ ಪರದೆಯ ಮೇಲೆ ನೋಡಿದ್ದು ಬೇರೆ, ನೋವಿರುವ ಮನುಷ್ಯ ನಡೆಯುವುದನ್ನು ನೋಡುವುದು ಬೇರೆ. ಅವ್ವನ ಫಿಸಿಯೋಥೆರಪಿಸ್ಟ್ ಹುಡುಗಿಗೇ ಫೋನು ಮಾಡಿದೆ. ತಿಂಗಳಿಗೆ ಎರಡು ಶನಿವಾರ ಬಂದು ಒಂದು ಬದಿಗೆ ಕುಳಿತು ನೋಡಲಿ, ರೋಗಿಗಳು ಒಪ್ಪಿದರೆ ಮಾತ್ರ, ಎಂದಳು. ಯಾವ ಕ್ರೆಡಿಟ್ಟೂ ಇಲ್ಲದ ಈ ವಿಷಯವನ್ನು ಅವಳು ಹಾಳೆಯ ಅಂಚಿನಲ್ಲಿ, ಚೌಕಗಳ ಹೊರಗೆ, ನಾಲ್ಕರಿಂದ ಎಂಟರವರೆಗೆ ಉದ್ದಕ್ಕೆ ಬರೆದಳು.

ಬುಧವಾರ ಫಾರ್ಮ್ ಹೋಯಿತು. ಮುಂದಿನ ಭಾನುವಾರ ಅವಳು ಮತ್ತೆ ಬಂದಳು, ಈ ಸಲ ಒಂದು ಪಾಕೀಟು ಟಿಕಳಿ ಹಿಡಿದುಕೊಂಡು. ಪ್ರಯೋಗಾಲಯಗಳಲ್ಲಿ ನಡಿಗೆ ಅಳೆಯಲು ಕೀಲುಗಳ ಮೇಲೆ ಹೊಳೆಯುವ ಚೆಂಡುಗಳನ್ನು ಅಂಟಿಸುತ್ತಾರೆ, ಸುತ್ತ ಕ್ಯಾಮೆರಾ. ಟಿಕಳಿ, ಮೊಬೈಲು, ಕಿನೋವಿಯಾ ಎಂಬ ಉಚಿತ ಸಾಫ್ಟ್‌ವೇರು ಇಷ್ಟಿದ್ದರೆ ಬಡವರ ಪ್ರಯೋಗಾಲಯ ಆಯಿತಂತೆ. ಸೊಂಟಕ್ಕೊಂದು, ಮಂಡಿಗೊಂದು, ಹರಡಿಗೊಂದು ಅಂಟಿಸಬೇಕು ಎಂದಳು. ಅವ್ವ ಇಳಕಲ್ ಸೀರೆಯ ನಿರಿಗೆ ಬಿಗಿ ಹಿಡಿದು, "ಮಂಡಿ ತೋರಿಸಿ ನಡೀಲಿಕ್ಕೆ ನಾ ಏನ್ ಕುಸ್ತಿ ಆಡಾಕ ಬಂದೇನೇನು?" ಅಂದಳು. ಸೊಂಟ, ಮಂಡಿ ಎರಡೂ ಹೋದವು. ಉಳಿದದ್ದು ಎರಡು ಹರಡು, ಎರಡು ಹೆಬ್ಬೆರಳು, ಎರಡು ಭುಜ.

ಹಜಾರದಲ್ಲಿ ಆರು ಹೆಜ್ಜೆ ಆ ಕಡೆ, ಆರು ಹೆಜ್ಜೆ ಈ ಕಡೆ. ಸರಿಯಾದ ನಡಿಗೆಯಲ್ಲಿ ಪ್ರತಿ ಕಾಲೂ ಒಂದು ಸುತ್ತಿನ ನೂರಕ್ಕೆ ಸುಮಾರು 60 ಪಾಲು ಹೊತ್ತು ನೆಲದ ಮೇಲಿರುತ್ತದೆ, 40 ಪಾಲು ಗಾಳಿಯಲ್ಲಿ. ನೋವಿರುವ ಕಾಲು ಬೇಗ ನೆಲ ಬಿಡುತ್ತದೆ. ಮೊದಲು ಕೋಲು ಇಲ್ಲದೆ, ಆಮೇಲೆ ಎಡಗೈಯಲ್ಲಿ. ನಾನು ಬೇಡವೆಂದರೂ ಬಲಗೈಯಲ್ಲಿ ಕೂಡ ಒಂದು ಸಲ ನಡೆಸಿದಳು. ಆಮೇಲೆ ಇಬ್ಬರೂ ಕುಳಿತು ಒಂದೊಂದೇ ಚಿತ್ರ ಸರಿಸುತ್ತ ಎಣಿಸಿದೆವು: ಹಿಮ್ಮಡಿ ನೆಲ ಮುಟ್ಟಿದ ಚಿತ್ರ, ಹೆಬ್ಬೆರಳು ನೆಲ ಬಿಟ್ಟ ಚಿತ್ರ. ಎಡಗೈಯಲ್ಲಿ ಕೋಲಿದ್ದಾಗ ಎರಡೂ ಕಾಲಿನ ಎಣಿಕೆ ಹತ್ತಿರ ಹತ್ತಿರ ಬಂತು. ಬಲಗೈಯದರಲ್ಲಿ ಭುಜದ ಎರಡು ಟಿಕಳಿಗಳು ಪ್ರತಿ ಹೆಜ್ಜೆಗೂ ಓರೆಯಾಗುವುದು ಎಣಿಸದೆಯೇ ಕಾಣುತ್ತಿತ್ತು. "ಹನ್ನೆರಡು ಹೆಜ್ಜೆಗೆ ಏನೂ ಹೇಳಾಕ ಬರೂದಿಲ್ಲ ಮಾಮಾ, ಇನ್ನಷ್ಟು ಬೇಕು" ಅಂದಳು, ಬಯೋಸ್ಟ್ಯಾಟಿಸ್ಟಿಕ್ಸ್ ಈಗಾಗಲೇ ಪಾಸಾದವಳ ಹಾಗೆ.

ಅವ್ವ ಮಾತ್ರ ಇನ್ನು ನಡೆಯಲು ಒಪ್ಪಲಿಲ್ಲ. ಕುರ್ಚಿಯಲ್ಲಿ ಕುಳಿತು ಹರಡು, ಹೆಬ್ಬೆರಳಿನ ಟಿಕಳಿಗಳನ್ನು ಒಂದೊಂದಾಗಿ ಉಗುರಿನಿಂದ ಎಬ್ಬಿಸಿ ತೆಗೆದಳು. ಕೋಲನ್ನು ಎಡಗೈಗೆ ತೆಗೆದುಕೊಂಡು ಎದ್ದು ಹೋಗಿ, ಆರನ್ನೂ ಬಚ್ಚಲುಮನೆಯ ಕನ್ನಡಿಯ ಮೂಲೆಯಲ್ಲಿ ಸಾಲಾಗಿ ಅಂಟಿಸಿ ಬಂದಳು. "ಮುಂದಿನ ವಾರಕ್ಕ ಅದಾವು" ಅಂದಳು.